ಕದ್ದ ಕಡ್ಡಿ

ಅತ್ತೆ ಜೆನೊವೆವಾ ಷರತ್ತು ಹಾಕಿದ್ದು ಊಟದ ಮೇಜಿನ ಮುಂದೆ, ಪೊಲೆಂತಾ ಎಂಬ ಜೋಳದ ಮುದ್ದೆಯನ್ನು ಕೊಯ್ಯುವ ದಾರವನ್ನು ಕೈಯಲ್ಲಿ ಬಿಗಿಯಾಗಿ ಹಿಡಿದೇ.

"ತನ್ನ ಬೀಜ ತಾನು ಉಳಿಸ್ಕೊಳ್ಳದೇ ಇರೋದು ಈ ಅಂಗಳದ್ದಲ್ಲ. ಮೊದಲ ಹಿಮ ಬಿದ್ದ ಮೇಲೂ ನಿನ್ನ ಅರಿಸಿನ, ಕೆಸುವು, ಮರಗೆಣಸು ಮೂರರ ಬೀಜಕ್ಕೂ ಜೀವ ಇದ್ರೆ ಸರಿ. ಇಲ್ದಿದ್ರೆ ಗೋಡೆ ಪಕ್ಕದ ಪಟ್ಟಿ ಬಿಟ್ಟುಕೊಡು. ನಾನು ಬೆಳ್ಳುಳ್ಳಿ ಹಾಕ್ತೀನಿ."

"ಆಗ್ಲಿ ಅತ್ತೆ. ಉಳಿದ್ರೆ ಮಾತ್ರ ಆ ಪಟ್ಟಿ ಕಡೆ ತಲೆ ಹಾಕಿ ಮಲಗಬಾರದು ನೀವು," ಎಂದಳು ಎರೊಂದಿನಾ.

ಆಕೆಯ ಗಂಡ ವಾಲ್ಮೊರ್ ಇಬ್ಬರ ಮಾತಿಗೂ ತಲೆಯಾಡಿಸಿದ. ಒಳ್ಳೆಯ ಮನುಷ್ಯನೇ. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ.

ಎರೊಂದಿನಾ ಕೆಳಗಿನ ಕಡಲತೀರದವಳು. ಸೇಬು, ಬೆಳ್ಳುಳ್ಳಿ, ಹಿಮ ಬಿಟ್ಟರೆ ಬೇರೇನೂ ಗೊತ್ತಿಲ್ಲದ, ಜೂನ್‌ನಲ್ಲಿ ಚಳಿಗಾಲ ಬರುವ ಈ ಸಾಂತಾ ಕತರೀನಾ ಬೆಟ್ಟಕ್ಕೆ ಮದುವೆಯಾಗಿ ಬಂದು ತಲೆಕೂದಲು ನೆರೆಯುತ್ತಾ ಬಂದರೂ ಅತ್ತೆಯ ಬಾಯಲ್ಲಿ ಅವಳು ಇನ್ನೂ 'ಕಡಲಿನೋಳು'. ಅವಳೂ ಕಡಿಮೆಯವಳಲ್ಲ. ಅರಿಸಿನ ಬೀಳದ ಮೀನುಸಾರು ಅವಳ ಪ್ರಕಾರ ಮೀನು ತೊಳೆದ ನೀರು. ಮರಗೆಣಸು ಇಲ್ಲದ ಊಟ ಊಟವೇ ಅಲ್ಲ. ಅಂಗಡಿಯ ಅರಿಸಿನ ಪುಡಿ ತಂದುಕೋ ಎಂದವರಿಗೆ, "ಅಂಗಡೀಲಿ ಅತ್ತೇನೂ ಸಿಕ್ಕಿದ್ರೆ ತಂದ್ಕೋತೀನಿ" ಎಂದು ಬಾಯಿ ಮುಚ್ಚಿಸಿದ್ದಳು.

ಹಿಂದೆ ಎರಡು ಸಲ ಹಾಕಿ ಎರಡು ಸಲವೂ ಸೋತಿದ್ದಳು. ಚಳಿ ಒಂದು ಕಾರಣ. ಇನ್ನೊಂದು ವಾಲ್ಮೊರ್‌ನ ನಾಲಿಗೆ. ಗಿಡದ ಕಡ್ಡಿ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಿದರೆ ಗಿಡ ಮುನಿಸಿಕೊಳ್ಳುತ್ತದೆ, ಕದ್ದು ತಂದರೆ ಮಾತ್ರ ಚೆನ್ನಾಗಿ ಬೇರು ಹಿಡಿಯುತ್ತದೆ. ಕಡಲತೀರದವರಿಗೂ ಬೆಟ್ಟದವರಿಗೂ ಒಮ್ಮತ ಇರುವ ಸಂಗತಿ ಇದೊಂದೇ. ಅಷ್ಟು ಗೊತ್ತಿದ್ದೂ ಈ ಮಹಾನುಭಾವ ಕಡ್ಡಿ ಕೊಟ್ಟ ಹೆಂಡತಿಯ ಅಣ್ಣನ ಕೈ ಕುಲುಕಿ, ಬೆನ್ನು ತಟ್ಟಿ, ಗಾಡಿ ಹತ್ತುವವರೆಗೂ ಥ್ಯಾಂಕ್ಸ್ ಹೇಳಿದ್ದ. ಆ ಕಡ್ಡಿಗಳು ಒಂದು ಚಿಗುರನ್ನೂ ಬಿಡಲಿಲ್ಲ.

ಮೂರನೆಯ ಸಲ ಎರೊಂದಿನಾ ಒಬ್ಬಳೇ ತವರಿಗೆ ಹೋಗಿ, ಅಣ್ಣ ಮಲಗಿದ್ದಾಗ ಅವನ ಹಿತ್ತಲಿನಿಂದಲೇ ಕದ್ದು ತಂದಳು. ಅರಿಸಿನದ ಕೊಂಬುಗಳನ್ನು ಎಣ್ಣೆ ಡಬ್ಬಗಳಲ್ಲಿ ಮರದಪುಡಿಯೊಳಗೆ ಹುಗಿದು ಸೌದೆ ಒಲೆಯ ಮೇಲಿನ ಹಲಗೆಯಲ್ಲಿಟ್ಟಳು. ಚಳಿ ಪೂರ್ತಿ ಹಿಂದೆ ಸರಿದ ಮೇಲೆ, ಮೊಳಕೆ ಬಂದ ಕೊಂಬುಗಳನ್ನು ಉತ್ತರದ ಬಿಸಿಲು ಬೀಳುವ ಕಲ್ಲುಗೋಡೆಯ ಬುಡದಲ್ಲಿ ನೆಟ್ಟಳು. ಪಕ್ಕದಲ್ಲಿ ಮರಗೆಣಸಿನ ಕಡ್ಡಿ, ತಗ್ಗಿನಲ್ಲಿ ಕೆಸುವು. ಹಗಲೆಲ್ಲ ಕಾದ ಗೋಡೆ ರಾತ್ರಿ ಆ ಬಿಸಿಯನ್ನು ಗಿಡಗಳಿಗೆ ಕೊಡುತ್ತಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಅರಿಸಿನದ ಎಲೆ ಸೊಂಟದೆತ್ತರ ಬಂದಿತ್ತು. ನೆರೆಯವರು ಬೇಲಿಯಾಚೆ ನಿಂತು ನೋಡಿ, ನಕ್ಕು ಹೋಗುತ್ತಿದ್ದರು. ಎರೊಂದಿನಾ ಸೊಂಟದ ಮೇಲೆ ಕೈಯಿಟ್ಟು ಅವರಿಗೇ ತಿರುಗಿ ನಗುವುದನ್ನು ಕಲಿತಳು.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ತುದಿಯ ಮರಗೆಣಸಿನ ಗಿಡಗಳ ಬರೀ ಮೋಟು ನಿಂತಿತ್ತು. ಯಾರೋ ಕಡ್ಡಿಗಳನ್ನು ಕೊಯ್ದು ಒಯ್ದಿದ್ದರು. ಎರೊಂದಿನಾ ಅಂಗಳದ ನಡುವೆ ನಿಂತು, ಕದ್ದವರ ಕೈ ಸೇದಿಹೋಗಲಿ ಎಂದು ಇಡೀ ಕಣಿವೆಗೆ ಕೇಳುವ ಹಾಗೆ ಶಪಿಸಿದಳು.

ಅತ್ತೆ ಜಗಲಿಯಲ್ಲಿ ಹುರುಳಿಕಾಯಿ ಸುಲಿಯುತ್ತಿದ್ದಳು. "ಹಂದಿ ತಿಂದಿರ್ಬೇಕು," ಎಂದಳು.

"ಹಂದಿ ಚಾಕು ಹಿಡಿಯುತ್ತಾ ಅತ್ತೆ? ಓರೆಯಾಗಿ, ನೀಟಾಗಿ ಕೊಯ್ದಿದೆ."

"ಈಗಿನ ಹಂದಿಗಳನ್ನ ನಂಬೋ ಹಾಗಿಲ್ಲ. ನೀನೂ ಉಳಿದ ಕಡ್ಡಿ ಕೊಯ್ದು ಒಳಗಿಟ್ಕೋಬಾರ್ದಾ?"

"ನಮ್ಮ ಕಡೆ ಸಂತ ಅಂತೋಣಿ ಹಬ್ಬಕ್ಕೆ ಮುಂಚೆ ಯಾರೂ ಕೊಯ್ಯಲ್ಲ. ಕಡ್ಡಿ ಬಲೀಬೇಕು."

ಅತ್ತೆ ಮತ್ತೆ ಹುರುಳಿಕಾಯಿಗೆ ಕೈ ಹಾಕಿದಳು. ಸೊಸೆ ಬೆಟ್ಟದಲ್ಲಿ ನಿಂತು ಕಡಲಿನ ಪಂಚಾಂಗ ಓದುತ್ತಿದ್ದಳು. ಸಂತ ಅಂತೋಣಿ ಹಬ್ಬ ಬರುವುದು ಜೂನ್‌ನಲ್ಲಿ. ಹಿಮ ಅಷ್ಟು ದಿನ ಕಾಯಲಿಲ್ಲ.

ಆ ವಾರ ಕಳೆಯುವುದರೊಳಗೆ ಒಂದು ಬೆಳಿಗ್ಗೆ ಅಂಗಳವೆಲ್ಲ ಬೆಳ್ಳಗಾಗಿತ್ತು. ಬಿಸಿಲೇರುತ್ತಿದ್ದಂತೆ ಅರಿಸಿನ, ಕೆಸುವು, ಮರಗೆಣಸು ಎಲ್ಲದರ ಎಲೆಯೂ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿತ್ತು. ಎರೊಂದಿನಾ ಕಪ್ಪಾದ ಒಂದೆಲೆಯನ್ನು ಕೈಯಲ್ಲಿ ಹಿಡಿದಳು. ಅಳು ಬಂತು. ಅತ್ತೆ ಗುದ್ದಲಿ ಹಿಡಿದು ಬರುವುದು ಕಂಡು ಅಳುವನ್ನು ನುಂಗಿಕೊಂಡಳು.

"ಸತ್ತಿತು," ಎಂದಳು ಅತ್ತೆ.

"ನಿದ್ದೆ ಮಾಡ್ತಿದೆ."

ಎರೊಂದಿನಾ ಮೊಣಕಾಲೂರಿ, ಮಣ್ಣು ಬಗೆದು, ಅರಿಸಿನದ ಗಡ್ಡೆಯನ್ನು ಬುಡಸಮೇತ ಎತ್ತಿದಳು. ಕೊಬ್ಬಿದ ಕೊಂಬುಗಳು, ಒಂದೊಂದರ ಮೇಲೂ ಕಣ್ಣು. ಒಂದನ್ನು ಲಟಕ್ಕನೆ ಮುರಿದು ಅತ್ತೆಯ ಮುಂಗೈ ಮೇಲೆ ಉಜ್ಜಿದಳು. ಮುದಿ ಕೈ ಹಳದಿಯಾಯಿತು. ಕೆಸುವಿನ ಗಡ್ಡೆಯೂ ಗಟ್ಟಿಯಾಗಿತ್ತು.

ಅತ್ತೆ ಕೈಯನ್ನು ಮೂಸಿ ನೋಡಿದಳು, ಒರೆಸಿಕೊಳ್ಳಲಿಲ್ಲ. "ಇವು ಮಣ್ಣೊಳಗೆ ಬಚ್ಚಿಟ್ಕೊಂಡು ಬದುಕಿದ್ವು, ಒಪ್ಪಿದೆ. ಮರಗೆಣಸಿನ ಬೀಜ ಕಡ್ಡಿ ತಾನೇ? ಕಡ್ಡಿ ತೋರಿಸು."

ಎರೊಂದಿನಾ ಕಡ್ಡಿಯ ಸಿಪ್ಪೆಯನ್ನು ಉಗುರಿನಿಂದ ಗೀರಿದಳು. ಜೀವ ಇದ್ದರೆ ಹಾಲು ಜಿನುಗಬೇಕು. ಕಂದು ಬಣ್ಣದ ನೀರು ಬಂತು. ಇನ್ನೊಂದು ಗೀರಿದಳು, ಮತ್ತೊಂದು. ಬುಡದಿಂದ ತುದಿಯವರೆಗೂ ಹಿಮ ಎಲ್ಲವನ್ನೂ ಸುಟ್ಟುಹಾಕಿತ್ತು. ಬುಡ ಕಿತ್ತರೆ ಗೆಣಸು ಬೇಕಾದಷ್ಟಿತ್ತು, ಒಂದು ಚಳಿಗಾಲ ಉಣ್ಣಬಹುದು. ಆಮೇಲೆ ಮತ್ತೆ ಕಡಲತೀರಕ್ಕೆ ಹೋಗಿ ಕೈಯೊಡ್ಡಬೇಕು. ಅತ್ತೆಯ ಲೆಕ್ಕದಲ್ಲಿ ಅದು ಈ ಅಂಗಳದ್ದಲ್ಲ.

"ಮಾತು ಅಂದ್ರೆ ಮಾತು," ಎಂದಳು ಅತ್ತೆ. ಸೊಂಟದ ಬೀಗದ ಕೈ ಬಿಚ್ಚಿ ಅವಳ ಮುಂದೆ ಹಿಡಿದಳು. "ನೆಲಮಾಳಿಗೆಗೆ ಹೋಗಿ ಬಿತ್ತನೆ ಬೆಳ್ಳುಳ್ಳಿ ತಗೊಂಡು ಬಾ. ಮೂಲೇಲಿ ಗೋಣಿ ಹೊದಿಸಿಟ್ಟಿದೀನಿ, ಅದನ್ನ ಮುಟ್ಟಬೇಡ. ಅದು ನಂದು."

ಆ ಬೀಗದ ಕೈ ಮುದುಕಿಯ ಸೊಂಟ ಬಿಟ್ಟು ಕೆಳಗಿಳಿದದ್ದನ್ನು ಎರೊಂದಿನಾ ಈವರೆಗೆ ಕಂಡಿರಲಿಲ್ಲ. ಸೋತ ಸಿಟ್ಟಿನಲ್ಲಿ ಅದನ್ನು ಕಸಿದುಕೊಂಡು ಮೆಟ್ಟಿಲಿಳಿದಳು. ವೈನ್ ಪೀಪಾಯಿಗಳ ಪಕ್ಕದಲ್ಲಿ ಬೆಳ್ಳುಳ್ಳಿ ಜಡೆ ನೇತಾಡುತ್ತಿತ್ತು. ಮೂಲೆಯಲ್ಲಿ ಗೋಣಿ. ಮುಟ್ಟಬೇಡ ಎಂದ ಮೇಲೆ ಮುಟ್ಟದೆ ಇರಲು ಅವಳೇನು ವಾಲ್ಮೊರ್‌ನೇ? ಎಳೆದಳು.

ಒಣಮರಳಲ್ಲಿ ನೆಟ್ಟಗೆ ನಿಲ್ಲಿಸಿದ ಮರಗೆಣಸಿನ ಕಡ್ಡಿಗಳ ಕಟ್ಟು. ಓರೆಯಾಗಿ, ನೀಟಾಗಿ ಕೊಯ್ದದ್ದು. ಕುಂಬಳಕಾಯಿ ಕಳ್ಳನ ಹೆಗಲು ಕೊನೆಗೂ ಕಾಣಿಸಿತು. ಉಗುರಿನಿಂದ ಗೀರಿದಳು. ಬಿಳಿ ಹಾಲು ಜಿನುಗಿ ಬೆರಳಿಗೆ ಅಂಟಿತು.

ಕತ್ತಲಲ್ಲಿ ನಿಂತು ಒಬ್ಬಳೇ ನಕ್ಕಳು. ಮುದುಕಿಗೆ ಕೊಡಲು ಬಾರದು, ಕೊಟ್ಟರೆ ಗಿಡ ಹಿಡಿಯುವುದೂ ಇಲ್ಲ. ಇಡೀ ಕಟ್ಟನ್ನು ಹೆಗಲ ಮೇಲೆ ಹೊತ್ತು, ಹಿಂಬಾಗಿಲಿದ್ದರೂ ಅತ್ತ ಹೋಗದೆ, ನೇರ ಅಡುಗೆಮನೆಯ ನಡುವೆಯೇ ನಡೆದಳು.

ಅತ್ತೆ ಒಲೆಯ ಮುಂದೆ ಕೂತಿದ್ದಳು. "ಏನದು ಹೆಗಲ ಮೇಲೆ?"

"ಸೌದೆ."

"ಕಡಲಿನೋರು ಕಳ್ಳರು ಅಂತ ನಮ್ಮಪ್ಪ ಆವತ್ತೇ ಹೇಳಿದ್ದ."

"ಬೆಟ್ಟದೋರ ಮನೇಲಿ ಕಲಿತೆ ಅತ್ತೆ."

"ಕಳ್ಳಿ!"

"ನೀವು ದೊಡ್ಡ ಕಳ್ಳಿ!"

ಗದ್ದಲ ಕೇಳಿ ವಾಲ್ಮೊರ್ ಕೊಟ್ಟಿಗೆಯಿಂದ ಓಡಿಬಂದ. ಕಡ್ಡಿಗಳನ್ನು ನೋಡಿದ, ತಾಯಿಯ ಹಳದಿ ಕೈ ನೋಡಿದ. ಅವನ ಮುಖ ಅರಳಿತು. "ಅಯ್ಯೋ, ಅಮ್ಮ ಉಳಿಸಿಟ್ಟಿದ್ಳಾ! ಎರೊಂದಿನಾ, ಅಮ್ಮಂಗೊಂದು ಥ್ಯಾಂಕ್ಸ್..."

"ಬಾಯ್ಮುಚ್ಚು!" ಎಂದು ಇಬ್ಬರೂ ಒಟ್ಟಿಗೆ ಕಿರುಚಿದರು.

ಮದುವೆಯಾದಂದಿನಿಂದ ಅತ್ತೆ ಸೊಸೆ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಆಡಿದ್ದು ಅದೇ ಮೊದಲು. ಎರೊಂದಿನಾ ಹೊಸ್ತಿಲು ದಾಟಿ, ಗೋಡೆಯ ಬುಡದಲ್ಲಿ ಕಡ್ಡಿಗಳನ್ನು ಚಳಿ ಕಳೆಯುವವರೆಗೆ ಹುಲ್ಲು ಮುಚ್ಚಿಡಲು ಗುಂಡಿ ತೋಡತೊಡಗಿದಳು. ಅತ್ತೆ ಬೆಳ್ಳುಳ್ಳಿ ಜಡೆಯನ್ನು ತಾನೇ ತಂದುಕೊಂಡು ಅಂಗಳದಲ್ಲಿ ನಿಂತಳು.

"ಇದನ್ನ ಎಲ್ಲಿ ಹಾಕ್ಲಿ ಈಗ?"

ಎರೊಂದಿನಾ ತಲೆಯೆತ್ತಲಿಲ್ಲ. "ಹಂದಿಗೂಡಿನ ಹಿಂದೆ ಜಾಗ ಇದೆ. ನಿಮ್ಮ ಹಂದಿಗಳಿಗೆ ಚಾಕು ಕೊಡಬೇಡಿ ಅಷ್ಟೆ."

ಮುದುಕಿ ಗೊಣಗುತ್ತಾ ಗುದ್ದಲಿ ಎತ್ತಿಕೊಂಡು ಹಂದಿಗೂಡಿನ ಕಡೆಗೆ ನಡೆದಳು.