ಬೀಸುಕಲ್ಲಿಗೆ ಬಾಕಿಯಿದ್ದ ಪದ

ನಿಡಗುಂದಿಯಿಂದ ಹೊರಟ ಹನ್ನೆರಡು ಜನ ದೋಣಿ ಇಳಿದಾಗ ಬಿಸಿಲು ಇನ್ನೂ ಎಳೆಯದಾಗಿತ್ತು. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಎರಡು ತಿಂಗಳು ಮಾತ್ರ ಈ ಹಳೆಯ ಊರು ಮೇಲೇಳುತ್ತದೆ. ಕಾವಲಿನ ಬುರುಜಾಗಿದ್ದ ಒಂದು ಹುಡೇವು, ಒಂದು ಶಾಸನದ ಕಲ್ಲು, ಮೊಣಕಾಲೆತ್ತರದ ಗೋಡೆಗಳು. ಮುಟ್ಟಿದರೆ ಮಣ್ಣು ಉದುರುತ್ತದೆ.

"ಎರಡ ಮಾತು ನೆನಪಿಡ್ರಿ," ಎಂದ ಊರು ತೋರಿಸುವ ಕಲ್ಮೇಶ. "ಇಲ್ಲಿಂದ ಏನೂ ಒಯ್ಯೂಹಂಗಿಲ್ಲ, ಇಲ್ಲೆ ಏನೂ ಬಿಡೂಹಂಗಿಲ್ಲ. ಹೋದ ವರ್ಷ ಒಬ್ಬರು ಶಾಸನಕ್ಕ ಎಣ್ಣಿ ಹಚ್ಚಿ ಕೈ ಮುಗದ್ರು. ಅಕ್ಷರ ಹೋದ್ವು. ಪುಣ್ಯ ಬಂತೋ ಇಲ್ಲೋ ಗೊತ್ತಿಲ್ಲ."

ಎಲ್ಲರೂ ನಕ್ಕರು. ಕಸ್ತೂರೆವ್ವ ನಗಲಿಲ್ಲ. ಅವಳ ಸೆರಗಿನ ಗಂಟಿನಲ್ಲಿ ಒಂದು ಹಿಡಿ ಜೋಳವಿತ್ತು.

ಅವಳೂ ಜೊತೆಗೆ ಬಂದ ತಮ್ಮ ಖಂಡೆಪ್ಪನೂ ಈ ಊರಲ್ಲೇ ಹುಟ್ಟಿದವರು. ಅವರ ಮನೆಯಲ್ಲಿ ಬೀಸಿ ಏಳುವ ಮುಂಚೆ ಕಲ್ಲಿನ ಬಾಯಿಗೆ ಒಂದು ಹಿಡಿ ಕಾಳು ಹಾಕಿ, ಮುಗಿಸುವ ಪದ ಹಾಡಬೇಕು. ಊರು ಬಿಟ್ಟ ದಿನ ಅವ್ವ ಬೀಸುತ್ತಿದ್ದಾಗಲೇ ಲಾರಿ ಬಂತು. ಅಪ್ಪನ ಅವಸರಕ್ಕೆ ಹಾಗೇ ಎದ್ದಳು. ನೆಲದಲ್ಲಿ ಹೂತಿದ್ದ ಕಲ್ಲು ಅಲ್ಲೇ ಉಳಿಯಿತು. "ಕಲ್ಲು ಇನ್ನೂ ಕಾಯಾಕತ್ತೈತಿ," ಎಂದು ಸಾಯುವವರೆಗೂ ಹೇಳುತ್ತಿದ್ದಳು. "ನಾ ಹೋಗಿ ಮುಗಿಸಿ ಬರ್ತೇನಿ," ಎಂದು ಕಸ್ತೂರೆವ್ವ ಮಾತು ಕೊಟ್ಟಿದ್ದಳು.

ಕಲ್ಲು ಸಿಕ್ಕಿತು. ಸುತ್ತ ಹಗ್ಗ ಕಟ್ಟಿದ್ದರು. ಅವಳು ಗಂಟು ಬಿಚ್ಚುವುದನ್ನು ಕಲ್ಮೇಶ ನೋಡಿಬಿಟ್ಟ.

"ಯವ್ವಾ, ಕಾಳು ಬ್ಯಾಡ್ರಿ. ಇಲಿ ಬರ್ತಾವ, ಬಿಲ ತೋಡ್ತಾವ, ಗೋಡಿ ಬೀಳ್ತೈತಿ. ಅದರ ಹಿಂದ ನನ್ನ ಕೆಲಸಾನೂ ಬೀಳ್ತೈತಿ."

"ಬರೇ ಹಾಡಿದ್ರ?"

ಕಲ್ಮೇಶ ತಲೆ ಕೆರೆದುಕೊಂಡ. "ಹಾಡಿದ್ರ ಏನೂ ಒಯ್ದಂಗಲ್ಲ, ಬಿಟ್ಟಂಗೂ ಅಲ್ಲ. ಹಾಡ್ರಿ."

ಅವಳು ಹಗ್ಗದ ಈಚೆಗೇ ಮೊಣಕಾಲೂರಿದಳು. "ಹಿಡಿಜೋಳ ಬೀಸೀದೆ..." ಅಲ್ಲಿಗೇ ನಿಂತಿತು. ಗಂಡನ ಊರು ಝಳಕಿಯಲ್ಲಿ ಮೊದಲಿನಿಂದಲೂ ಗಿರಣಿ, ಬೀಸಿಲ್ಲ, ಹಾಡಿಲ್ಲ. ಮತ್ತೆ ಶುರುಮಾಡಿದಳು, ಮತ್ತೆ ನಿಂತಳು. ಕಣ್ಣು ತುಂಬಿದವು.

"ಖಂಡ್ಯಾ, ಅವ್ವನ ತೊಡಿ ಮ್ಯಾಲ ಮಲಗಿ ದಿನಾ ಕೇಳಿದಾವ ನೀನು."

ಖಂಡೆಪ್ಪ ಕೇಳುವವನೇ ಹೊರತು ಹಾಡುವವನಲ್ಲ. ಮಠದ ಭಜನೆಯಲ್ಲೂ ಕಂಬಕ್ಕೊರಗಿ ಸುಮ್ಮನೆ ಕೂತಿರುತ್ತಾನೆ. "ಹೆಣ್ಮಕ್ಕಳ ಪದ ಅಕ್ಕಾ. ಮಂದಿ ನಗ್ತಾರ."

"ರೊಟ್ಟಿ ತಿನ್ನಾಗ ಹೆಣ್ಮಕ್ಕಳದು ಅಂತ ಬಿಟ್ಟಿ ಏನು?"

ಅವನು ಚಪ್ಪಲಿ ಬಿಟ್ಟ. ಅಕ್ಕನ ಪಕ್ಕ ಕೂತು ಕಣ್ಣು ಮುಚ್ಚಿದ. ಸಣ್ಣ ದನಿ, ಆದರೆ ಎಲ್ಲೂ ತಡವರಿಸಲಿಲ್ಲ:

"ಹಿಡಿಜೋಳ ಬೀಸೀದೆ, ಹಿಡಿಗೂಟ ಬಿಟ್ಟೇನ,
ಬಿಡು ತಾಯಿ ನಿನ್ನ ತಿರುಗಾಟ, ನಾ ಬರೂತನ
ಕಡುನಿದ್ದಿ ಬರಲಿ ಕಲ್ಲವ್ವ."

ಎರಡನೇ ಸಲ ಕಸ್ತೂರೆವ್ವನ ದನಿಯೂ ಸೇರಿತು. ಯಾರೂ ನಗಲಿಲ್ಲ. ಇಬ್ಬರೂ ಹಗ್ಗದ ಹೊರಗಿನಿಂದಲೇ ನೆಲಕ್ಕೆ ಹಣೆ ಹಚ್ಚಿ ಎದ್ದರು. ಅವಳ ಹಣೆಗೆ ಹತ್ತಿದ ಮಣ್ಣನ್ನು ಕಲ್ಮೇಶ ನೋಡಿದ. "ಒಯ್ಯೂಹಂಗಿಲ್ಲ" ಎನ್ನಲಿಲ್ಲ.

ದೋಣಿಯಲ್ಲಿ ಅವಳು ಜೋಳದ ಗಂಟನ್ನು ಬಿಗಿದುಕೊಂಡಳು. "ನಾಳಿ ಮುಂಜಾನಿ ಖಂಡ್ಯಾನ ಮನ್ಯಾಗ ಇದನ್ನ ಕುಟ್ಟಿ ನುಚ್ಚು ಮಾಡ್ತೇನಿ. ಕಲ್ಮೇಶಪ್ಪಾ, ಊಟಕ್ಕ ಬಾ."

"ಒಂದ ಹಿಡಿ ಜೋಳಕ್ಕ ಮೂರು ಮಂದಿ ಏನ್ರಿ?"

"ಮಜ್ಜಿಗಿ ಬೇಕಾದಷ್ಟು ಐತಿ," ಎಂದ ಖಂಡೆಪ್ಪ. ಆಮೇಲೆ ದಡ ಬರುವವರೆಗೂ ಅದೇ ಪದವನ್ನು ಬಾಯೊಳಗೇ ಗುನುಗುತ್ತ ಕೂತ.