ಉರಿಯದ ಬರೆ

ಬೈಂದೂರು ಮಾರುಕಟ್ಟೆಯಲ್ಲಿ ಉಪ್ಪುಂದದ ಸುಗುಣ ಕತ್ತಿ ಹಿಡಿದು ಕೂತರೆ, ಗಿರಾಕಿಯ ಚೌಕಾಸಿ ಮುಗಿಯುವುದರೊಳಗೆ ಬಂಗುಡೆ ಹಸನಾಗಿರುತ್ತಿತ್ತು. ಆ ಬಲಗೈಯಿಂದ ಈಚೆಗೆ ಕತ್ತಿ ಜಾರತೊಡಗಿತು. ಒಲೆಯ ಮೇಲಿನ ಬಾಣಲೆಯನ್ನು ಆ ಬರಿಗೈಯಲ್ಲಿ ಇಳಿಸಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ; ಗುಳ್ಳೆ ಎದ್ದ ಮೇಲೆ ನೋಡಿಕೊಳ್ಳುತ್ತಿದ್ದಳು.

ಮಾವ ಕುಷ್ಟನಿಗೆ ಗೊತ್ತಿದ್ದದ್ದು ಒಂದೇ ಮದ್ದು. ಸೊಂಟ ಹಿಡಿಯಲಿ, ಕೈ ಸೋಲಲಿ, ಆ ಮನೆಯಲ್ಲಿ ಕಬ್ಬಿಣ ಕಾಯಿಸಿ ಬರೆ ಹಾಕುವುದು ಹಿಂದಿನಿಂದ ಬಂದದ್ದು. ಸುಗುಣಳ ಹೆಗಲ ಹಿಂದೆಯೂ ಹಾಕಿದ. ಚರ್ಮ ಸುಟ್ಟ ವಾಸನೆ ಬಂತು, ಅವಳು ಕಮಕ್ ಕಿಮಕ್ ಎನ್ನಲಿಲ್ಲ.

"ಕಂಡ್ರ್ಯಾ, ಉರಿಯೇ ಇಲ್ಲೆ. ದೈವ ಒಪ್ಕಂಡಿತ್" ಎಂದು ಕುಷ್ಟ ಕೈಮುಗಿದ. ಮುದುಕ ಸೊಸೆಯ ಕೇಡು ಬಯಸಿದವನಲ್ಲ. ಕಷ್ಟ ಇರುವುದೇ ಅಲ್ಲಿ. ಕೇಡಿಗರನ್ನು ಎದುರಿಸುವುದು ಸುಲಭ, ಪ್ರೀತಿಯಿಂದ ಸುಡುವವರನ್ನು ಏನು ಮಾಡುವುದು?

ಗಾಯ ಕೀವಾಗಿ ರವಿಕೆಗೆ ಅಂಟಿದ್ದನ್ನು ಕಂಡವಳು ಮಗಳು ವಿಜೇತಾ. ತಾಯಿಯನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಬೆನ್ನುಹುರಿಯೊಳಗೆ ನೀರು ತುಂಬಿದ ಪೊಳ್ಳೊಂದು ವರ್ಷಗಳಿಂದ ಬೆಳೆಯುತ್ತಿದೆ, ನೋವು, ಬಿಸಿ ತಿಳಿಸುವ ನರಗಳನ್ನು ಒತ್ತುತ್ತಿದೆ ಎಂದರು ಡಾಕ್ಟರು. ಶಸ್ತ್ರಕ್ರಿಯೆ ಮಾಡಿದರೆ ಹೋದದ್ದು ಬರಲಿಕ್ಕಿಲ್ಲ, ಇದ್ದದ್ದು ಉಳಿದೀತು. ತಡವಾದರೆ ಎಡಗೈಯೂ ಹೋದೀತು.

ಆಸ್ಪತ್ರೆಗೆ ಸೇರಬೇಕಾದ ಬೆಳಿಗ್ಗೆ ಕುಷ್ಟ ಅಂಗಳದಲ್ಲಿ ಮತ್ತೆ ಕಬ್ಬಿಣ ಕಾಯಿಸಿ ಕೂತಿದ್ದ.

"ಬೆನ್ನಿಗ್ ಕತ್ತಿ ತಾಗಿರೆ ಹಾಸ್ಗಿಯೇ ಗತಿ, ಹೆಣ್ಣೆ. ಇನ್ನೊಂದ್ ಬರೆ ಹಾಕ್ಸ್ಕೊ, ಸಾಕ್."

"ಅಪ್ಪಯ್ಯ ಹೇಳ್ದಾಂಗೆ ಕೇಣ್" ಎಂದ ಗಂಡ ಸುಧಾಕರ, ನೆಲ ನೋಡುತ್ತ.

ಸುಗುಣ ಮಾವನ ಎದುರು ನಿಂತಳು. "ಮೊದ್ಲ್ ಅದನ್ನ ನಿಮ್ ಕೈ ಮೇಲೆ ಇಟ್ಕಣಿ, ಕಾಂಬ."

"ಎಂತ ಹೇಳ್ತೆ ನೀನ್? ಕೈ ಸುಡ್ತ್ ಅಲ್ದಾ?"

"ನಿಮ್ಗೆ ಸುಡ್ತ್. ನಂಗೆ ಸುಡುದಿಲ್ಲೆ. ಅದ್ ದೈವ ಒಪ್ಪಿದ್ದಲ್ಲ ಮಾವ, ಅದೇ ನನ್ ಸೀಕ್."

ಅವಳು ಎಡಗೈಯಿಂದ ಇಕ್ಕಳ ಎತ್ತಿ, ಕೆಂಪಗೆ ಕಾದ ಕಬ್ಬಿಣವನ್ನು ಮೀನು ತೊಳೆಯುವ ಬಕೆಟ್ಟಿಗೆ ಹಾಕಿದಳು. ನೀರು ಚುಸ್ಸೆಂದಿತು, ಹಬೆ ಎದ್ದಿತು. ಬೆರಳಿಗೆ ಬಿಸಿ ತಾಗಿ ಕೈ ಹಿಂದೆ ಎಳೆದುಕೊಂಡಳು, ಮರುಗಳಿಗೆ ಆ ಬೆರಳನ್ನೇ ನೋಡಿ ನಕ್ಕಳು.

"ಈ ಕೈಯಗೆ ಇನ್ನೂ ನೋವ್ ಇತ್ತ್. ಅದನ್ನ ಉಳ್ಸ್ಕಂಬುಕ್ ಹೋತೆ. ಬಪ್ಪರ್ ಬನ್ನಿ."

ವಿಜೇತಾಳೊಂದಿಗೆ ಅವಳು ರಸ್ತೆಗಿಳಿದಳು. ಸುಧಾಕರ ಅಪ್ಪನ ಮುಖ ನೋಡಿದ, ಬಕೆಟ್ಟು ನೋಡಿದ, ಆಮೇಲೆ ಹೆಂಡತಿಯ ಚೀಲ ಎತ್ತಿಕೊಂಡು ಹಿಂದೆ ಓಡಿದ.