ರಾಜನ ಕಿವಿ

ಶಿವರಾತ್ರಿ ಕಳೆದು ಬಿಸಿಲು ಆಗಷ್ಟೇ ಚುರುಕಾಗುತ್ತಿದ್ದ ಕಾಲ, ಬೆಳಿಗ್ಗೆ ಹತ್ತರ ಹೊತ್ತು. ಐವತ್ತೆಂಟನೇ ಇಸವಿ. ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಬೆಳ್ಳಿ ಅಂಗಡಿ ಇಟ್ಟಿದ್ದ ಷಡಕ್ಷರಪ್ಪನವರ ಮುಂದೆ ಭದ್ರಾವತಿಯ ಕರೀಮಾಬಿ ಬಂದು ಕೂತರು. ಹಿಂದೆ ಸೊಸೆ ಹಾಜರಾ ನಿಂತಿದ್ದಳು. ಕರೀಮಾಬಿಯ ಮಗನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ, ಮನೆ ಕಾಗದನಗರದ ಕ್ವಾರ್ಟರ್ಸಿನಲ್ಲಿ.

ಕರೀಮಾಬಿ ಬಟ್ಟೆಯ ಗಂಟು ಬಿಚ್ಚಿದರು. ಬ್ರಿಟಿಷ್ ರಾಜನ ತಲೆಯಿದ್ದ ಹನ್ನೊಂದು ಬೆಳ್ಳಿ ರೂಪಾಯಿ. ನಿಕಾಹ್ ದಿನ ಗಂಡ ಮೆಹರ್ ಎಂದು ಕೊಟ್ಟದ್ದು, ಖಜಾನೆಯಿಂದ ಹೊಚ್ಚ ಹೊಸದಾಗಿ ತಂದದ್ದು, ಅಂದಿನಿಂದ ಒಂದೂ ಟ್ರಂಕು ಬಿಟ್ಟು ಬಜಾರಿಗೆ ಹೋಗಿಲ್ಲ ಎಂದರು. ಮಾರಿ ಸೊಸೆಗೆ ಒಂದು ಜೊತೆ ಓಲೆ ಮಾಡಿಸುವ ಆಸೆ ಅವರಿಗೆ. ಕೈಯಿಂದ ಕೈಗೆ ಓಡಾಡದ ನಾಣ್ಯಕ್ಕೆ ಬೆಳ್ಳಿಯ ಬೆಲೆಯ ಮೂರರಷ್ಟು ಕೊಡುವ ಹವ್ಯಾಸಿಯೊಬ್ಬರು ಬೆಂಗಳೂರಿನಲ್ಲಿದ್ದರು. ಅವರಿಗೆ ಆರಿಸಿ ಕಳಿಸುತ್ತಿದ್ದವರು ಷಡಕ್ಷರಪ್ಪನವರೇ.

ಅವರ ಪರೀಕ್ಷೆ ಹೆಬ್ಬೆರಳಿನದು. ಅಪ್ಪ ಕಲಿಸಿದ್ದು. ಕಣ್ಣು ಬೀದಿಯ ಕಡೆ ಇರುತ್ತಿತ್ತು, ಬೆರಳು ನಾಣ್ಯದ ಉಬ್ಬಿನ ಮೇಲೆ ಆಡುತ್ತಿತ್ತು. ನೋಡದೆಯೇ ಹೇಳುತ್ತಾರೆ ಎಂದು ಬಜಾರಿನಲ್ಲಿ ಹೆಸರು, ಆ ಹೆಸರು ಅವರಿಗೂ ಇಷ್ಟ. ಏಳು ರೂಪಾಯಿಯಲ್ಲಿ ರಾಜನ ಕಿವಿ, ಗಡ್ಡ ಬೆರಳಿಗೆ ಚುಚ್ಚಿದವು. ಉಳಿದ ನಾಲ್ಕರಲ್ಲಿ ಕಿವಿ ಇದ್ದ ಕಡೆ ಚಪ್ಪಟೆ.

"ಈ ನಾಲ್ಕು ಬಜಾರು ಸುತ್ತಿ ಬಂದಿವೆ ಅಮ್ಮ," ಎಂದರು. "ಕಿವಿಯೇ ಸವೆದು ಹೋಗಿದೆ ಅಂದ್ರೆ ಎಷ್ಟು ಜನರ ದೂರು ಕೇಳಿರಬೇಕು ಈ ರಾಜ."

ಅಂಗಡಿಯಲ್ಲಿದ್ದವರು ನಕ್ಕರು. ಆ ನಗು ಅವರನ್ನು ಇನ್ನೊಂದು ಮಾತಿಗೆ ಎಳೆಯಿತು. "ಹೊಸದು ತಗೊಂಡು ಹಳೇದು ಇಟ್ಟಿದ್ದಾರೆ. ಟ್ರಂಕಿನ ಬೀಗದಕೈ ಯಾರ ಹತ್ರ ಇರುತ್ತೆ, ನೋಡ್ಕೊಳ್ಳಿ."

ಬೀಗದಕೈ ಹಾಜರಾಳ ಸೊಂಟದಲ್ಲಿತ್ತು. ಅತ್ತೆ ತಿರುಗಿ ಅದನ್ನು ನೋಡಿದರು. "ನಾನು ಮುಟ್ಟಿಲ್ಲಮ್ಮ," ಎಂದಳು ಹಾಜರಾ, ಅತ್ತೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಷಡಕ್ಷರಪ್ಪನವರಿಗೂ ಕೇಳಿಸಿತ್ತು. ಅವರು ತಕ್ಕಡಿ ಎತ್ತಿಕೊಂಡರು. ಏಳು ಬೆಂಗಳೂರಿಗೆ ಹೋದವು, ನಾಲ್ಕನ್ನು ಬೆಳ್ಳಿಯ ತೂಕಕ್ಕೆ ಕೊಂಡು ಕರಗಿಸುವ ಡಬ್ಬಿಗೆ ಹಾಕಿದರು.

ಮಳೆ ಹಿಡಿಯುವ ಮೊದಲು ಪೀರ್ ಬಾಷಾ ಮಗಳಿಗೆ ಕಾಲ್ಗೆಜ್ಜೆ ಮಾಡಿಸಲು ಬಂದ. ಭದ್ರಾವತಿಯ ಸಣ್ಣದೊಂದು ವರ್ಕ್‌ಶಾಪಿನಲ್ಲಿ ಹಿತ್ತಾಳೆ ಬಿಲ್ಲೆಗಳಿಗೆ ಅಚ್ಚು ಒತ್ತುವ ಕೆಲಸ ಅವನದು. ಗೆಜ್ಜೆಗೆ ಬೆಳ್ಳಿ ತೂಗಲು ಡಬ್ಬಿ ಸುರಿದಾಗ ಆ ನಾಲ್ಕೂ ಹೊರಬಿದ್ದವು. ಅವನು ಒಂದನ್ನು ಅಂಚಿನಲ್ಲಿ ಹಿಡಿದು, ಬಾಗಿಲಿನ ಬೆಳಕಿಗೆ ಓರೆ ಮಾಡಿ ತಿರುಗಿಸಿದ. ಹೊಸ ನಾಣ್ಯ ಕರಗಿಸ್ತೀರಾ ಎಂದು ಕೇಳಿದ. ಕಿವಿ ಸವೆದದ್ದನ್ನು ಷಡಕ್ಷರಪ್ಪ ತೋರಿಸಿದರು.

"ಸವೆದಿಲ್ಲ ಸಾವ್ಕಾರ್ರೆ, ಹುಟ್ಟಿದ್ದೇ ಹಂಗೆ. ಪೆಟ್ಟು ಹಗುರ ಬಿದ್ರೆ ಅಚ್ಚಿನ ಆಳಕ್ಕೆ ಬೆಳ್ಳಿ ಏರಲ್ಲ. ಆಳ ಇರೋದು ಕಿವಿ ಹತ್ರ. ಈ ಹೊಳಪು ನೋಡಿ, ತಿರುಗಿಸಿದ್ರೆ ಚಕ್ರದ ಹಂಗೆ ಸುತ್ತುತ್ತೆ, ಆ ಚಪ್ಪಟೆ ಮೇಲೂ ಹಾಯುತ್ತೆ. ಕೈಯಿಂದ ಕೈಗೆ ಓಡಾಡಿದ್ರೆ ಮೊದ್ಲು ಹೋಗೋದು ಈ ಹೊಳಪೇ. ಚೆನ್ನಾಗಿ ಒತ್ತಿದ್ದಕ್ಕಿಂತ ಒಂದು ಮೆಟ್ಲು ಕಡಿಮೆ ಅನ್ನಿ, ಬಳಸಿದ್ದು ಅನ್ನೋಕಾಗಲ್ಲ."

ಷಡಕ್ಷರಪ್ಪನವರು ನಾಣ್ಯ ಈಸಿಕೊಂಡು ತಾವೇ ತಿರುಗಿಸಿದರು. ಬೆಳಕು ಸುತ್ತಿ ಬಂತು. ಮೂವತ್ತು ವರ್ಷದಲ್ಲಿ ಅವರು ಹೀಗೆ ನೋಡಿದ್ದೇ ಇಲ್ಲ. ಪೀರ್ ಬಾಷಾ ಹೋದ ಮೇಲೂ ಹೆಬ್ಬೆರಳನ್ನು ಪಂಚೆಗೆ ಒರೆಸುತ್ತಲೇ ಇದ್ದರು. ವ್ಯತ್ಯಾಸದ ದುಡ್ಡನ್ನು ಯಾರ ಕೈಲಾದರೂ ಕಳಿಸಿ ಸುಮ್ಮನಿದ್ದುಬಿಡೋಣ ಎಂದು ನಾಲ್ಕು ದಿನ ಯೋಚಿಸಿದರು. ದುಡ್ಡು ಕಳಿಸಬಹುದು, ಬೀಗದಕೈಯ ಮಾತನ್ನು ಯಾರ ಕೈಲಿ ಕಳಿಸುವುದು? ಐದನೇ ದಿನ, ಮಂಗಳವಾರ, ಭದ್ರಾವತಿಯ ಬಸ್ಸು ಹತ್ತಿದರು.

ಕರೀಮಾಬಿ ಚಾಪೆ ಹಾಕಿದರು. ಬೀಗದಕೈ ಈಗ ಅವರ ಸೊಂಟಕ್ಕೆ ಬಂದಿತ್ತು. ಷಡಕ್ಷರಪ್ಪನವರು ಕೂರಲಿಲ್ಲ. ನಾಲ್ಕು ರೂಪಾಯಿಯನ್ನೂ ಚಾಪೆಯ ಮೇಲಿಟ್ಟು, ಪೀರ್ ಬಾಷಾ ಹೇಳಿದ್ದನ್ನೆಲ್ಲ ಹೇಳಿದರು. ಕೊನೆಗೆ, "ನಾಣ್ಯ ಬದಲಾಗಿರಲಿಲ್ಲ ಅಮ್ಮ. ನನ್ನ ಬೆರಳು ಸುಳ್ಳು ಹೇಳ್ತು, ನಾನು ಅದಕ್ಕೆ ನಗು ಬೇರೆ ಸೇರಿಸಿದೆ. ತಪ್ಪು ನಂದು," ಎಂದರು.

ಒಳಗೆ ಅಕ್ಕಿ ಕೇರುವ ಸದ್ದು ನಿಂತಿತು. ಹಾಜರಾ ಬಾಗಿಲಿಗೆ ಬಂದಳು. ಕರೀಮಾಬಿ ಬೀಗದಕೈ ಬಿಚ್ಚಿ ಅವಳ ಮುಂದೆ ಹಿಡಿದರು. ಅವಳು ಕೈ ಚಾಚಲಿಲ್ಲ.

"ಆ ದಿನವೇ ತವರಿಗೆ ಹೋಗೋಣ ಅಂತಿದ್ದೆ ಅಮ್ಮ. ಹೋಗಿದ್ರೆ ಕದ್ದೋಳು ಓಡಿಹೋದ್ಳು ಅಂತಿದ್ರು. ಅದಕ್ಕೇ ಇದ್ದೆ," ಎಂದಳು. ಆಮೇಲೆ ಷಡಕ್ಷರಪ್ಪನವರ ಕಡೆ ತಿರುಗಿದಳು. "ಸಾವ್ಕಾರ್ರೆ, ನೀವು ಬಂದು ಹೇಳಿದ್ದು ಒಳ್ಳೇದಾಯ್ತು. ಇನ್ನು ಹೋಗಬಹುದು."

ಕರೀಮಾಬಿಯ ಕೈ ಚಾಚಿದಂತೆಯೇ ಇತ್ತು. ಷಡಕ್ಷರಪ್ಪನವರು ಜೇಬಿನಲ್ಲಿದ್ದ ವ್ಯತ್ಯಾಸದ ದುಡ್ಡನ್ನೂ ಚಾಪೆಯ ತುದಿಯಲ್ಲಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದೇ ಬೀದಿಗೆ ಬಂದರು. ಬಸ್ ಸ್ಟ್ಯಾಂಡಿನ ತನಕ ಅದನ್ನು ಹಾಕಿಕೊಳ್ಳುವುದು ಅವರಿಗೆ ನೆನಪಾಗಲಿಲ್ಲ.

ಮುಂದಿನದನ್ನು ಅವರಿಗೆ ತಿಳಿಸಿದ್ದು ಪೀರ್ ಬಾಷಾ, ಗೆಜ್ಜೆ ಒಯ್ಯಲು ಬಂದಾಗ. ಹಾಜರಾ ತವರೂರು ತರೀಕೆರೆಗೆ ಹೋದಳಂತೆ, ಮಾರನೇ ದಿನವೇ, ಬುಧವಾರ, ಬೆಳಗಿನ ಬಸ್ಸಿಗೆ.